ಡೈಪರ್ ಮೇಜು ಗಂಡಸರ ಶೌಚಾಲಯಕ್ಕೆ ಬಂದ ಬಗೆ

ಎರಡನೆಯ ಮಹಾಯುದ್ಧದ ಆಚೀಚಿನ ವರ್ಷಗಳಲ್ಲಿ, ಹೊಸ ಕೂಸಿಗಾಗಿ ಅಮೆರಿಕದ ಮನೆಗಳು ಕೊಳ್ಳುತ್ತಿದ್ದ ಸಾಮಾನುಗಳಲ್ಲಿ ‘ಬಾತಿನೆಟ್’ ಎಂಬುದೊಂದು ಇತ್ತು. ಮಡಚುವ ಕಾಲುಗಳ ಚೌಕಟ್ಟು, ಅದರಲ್ಲಿ ಇಳಿಬಿಟ್ಟ ರಬ್ಬರು ಲೇಪದ ಬಟ್ಟೆಯ ತೊಟ್ಟಿ, ನೀರು ಹೊರಬಿಡಲು ಕೆಳಗೊಂದು ಕೊಳವೆ. ಸ್ನಾನ ಮುಗಿಯಿತೆಂದರೆ ತೊಟ್ಟಿಯ ಮೇಲೆ ಬಟ್ಟೆಯ ಹಾಸನ್ನು ಬಿಗಿಯಾಗಿ ಎಳೆದುಬಿಡುವುದು, ಅದೇ ಮೇಜು. ಕೂಸನ್ನು ಅದರ ಮೇಲೆ ಮಲಗಿಸಿ, ಒರೆಸಿ, ಪೌಡರ್ ಹಚ್ಚಿ, ಡೈಪರ್ ಕಟ್ಟಿ ಎತ್ತಿಕೊಳ್ಳುವವರೆಗೆ ತಾಯಿ ಸೊಂಟ ಬಗ್ಗಿಸಬೇಕಾಗಿರಲಿಲ್ಲ. ಇವತ್ತು ಮಗುವಿನ ಕೋಣೆಗೆಂದು ಅಂಗಡಿಯಲ್ಲಿ ಆರಿಸುವ ಚೇಂಜಿಂಗ್ ಟೇಬಲ್‌ಗಳೆಲ್ಲ ಹಿಡಿದಿರುವುದು ಇದೇ ದಾರಿಯನ್ನು.

ಅದಕ್ಕೂ ಹಿಂದೆ ಈ ಕೆಲಸಕ್ಕೆ ಮಡಿಲೇ ಸಾಕಿತ್ತು. ನಮ್ಮಲ್ಲಿ ಅಜ್ಜಿ ಕಾಲು ನೀಡಿ ಕುಳಿತು ಮೊಣಕಾಲಿನ ಮೇಲೆ ಕೂಸನ್ನು ಮಲಗಿಸಿ ಎರೆಯುತ್ತಾಳೆ; ಒದ್ದೆಯಾದಾಗ ಹಳೆಯ ಹತ್ತಿ ಸೀರೆಯ ಮೆತ್ತನೆ ತುಂಡನ್ನು ಚಾಪೆಯ ಮೇಲೇ ಬದಲಿಸುತ್ತಾರೆ. ನೆಲದ ಮೇಲಿನ ಕೂಸಿಗೆ ಬೀಳುವ ಭಯವಿಲ್ಲ. ಮೇಜು ಆ ಭಯವನ್ನು ಹುಟ್ಟಿಸಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹಾಗಿದ್ದರೂ ಮೇಜು ಬೇಕೆನಿಸಿದ್ದೇಕೆ? ಒಂದು ಕಾರಣ ಪಿನ್ನು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದು, ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಆಮೇಲೆ ಮನೆಮನೆಯ ಡೈಪರಿಗೆ ಅದೇ ಆಧಾರವಾಯಿತು. ಪಿನ್ನು ಚುಚ್ಚುವಾಗ ಮೊನೆಗೂ ಕೂಸಿನ ಹೊಟ್ಟೆಗೂ ನಡುವೆ ಎಡಗೈಯ ಎರಡು ಬೆರಳು ಅಡ್ಡ ಇಡಬೇಕು, ಬಲಗೈ ಪಿನ್ನನ್ನು ನಾಲ್ಕು ಪದರ ಬಟ್ಟೆಯೊಳಗೆ ನೂಕಬೇಕು, ಕೂಸೋ ಕಾಲು ಬಡಿಯುತ್ತಲೇ ಇರುತ್ತದೆ. ಎರಡೂ ಕೈ ಬಿಡುವಾಗಿರಬೇಕಾದರೆ ಕೆಳಗೆ ಗಟ್ಟಿಯಾದ, ಸಮತಟ್ಟಾದ ಜಾಗ ಬೇಕೇ ಬೇಕು.

ಪಿನ್ನಿನ ಕಾಟ ತಪ್ಪಿಸಿದವರಲ್ಲಿ ಮರಿಯನ್ ಡೊನೊವನ್ ಮುಖ್ಯಳು. ಬಚ್ಚಲಿನ ಶವರ್ ಪರದೆಯನ್ನು ಕತ್ತರಿಸಿ, ಹೊಲಿಗೆ ಯಂತ್ರದ ಮುಂದೆ ಕುಳಿತು, ನೀರು ಸೋರದ ಡೈಪರ್ ಕವಚವೊಂದನ್ನು ಆಕೆ ಹೊಲಿದಳು. ಪಿನ್ನಿನ ಬದಲು ಒತ್ತುಗುಂಡಿಗಳನ್ನು ಇಟ್ಟಳು. ‘ಬೋಟರ್’ ಎಂಬ ಹೆಸರಿನ ಆ ಕವಚ 1949ರಲ್ಲಿ ನ್ಯೂಯಾರ್ಕಿನ ಸ್ಯಾಕ್ಸ್ ಫಿಫ್ತ್ ಅವೆನ್ಯೂ ಅಂಗಡಿಯಲ್ಲಿ ಮಾರಾಟಕ್ಕೆ ಬಂತು, 1951ರಲ್ಲಿ ಪೇಟೆಂಟ್ ಸಿಕ್ಕಿತು. ಹತ್ತು ವರ್ಷದ ನಂತರ, 1961ರಲ್ಲಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಇಲಿನಾಯ್ಸ್‌ನ ಪಿಯೋರಿಯಾ ಊರಿನಲ್ಲಿ ಬಳಸಿ ಎಸೆಯುವ ಡೈಪರ್ ‘ಪ್ಯಾಂಪರ್ಸ್’ ಅನ್ನು ಒಂದಕ್ಕೆ 10 ಸೆಂಟಿನಂತೆ ಮಾರಿ ನೋಡಿತು. ಬೆಲೆ ಜನರಿಗೆ ಭಾರವಾಯಿತು. ಅದನ್ನು ಇಳಿಸಿದ ಮೇಲೆಯೇ ಸರಕು ಓಡಿದ್ದು. ಮುಂದೆ ಅಂಟುಪಟ್ಟಿ ಬಂದು ಪಿನ್ನು ಮೂಲೆ ಸೇರಿತು. ಮೇಜು ಮಾತ್ರ ಉಳಿಯಿತು, ಏಕೆಂದರೆ ಸೊಂಟನೋವು ಎಲ್ಲಿಗೂ ಹೋಗಿರಲಿಲ್ಲ.

ಎರಡು ವರ್ಷ ಮಾತ್ರ ಕೆಲಸಕ್ಕೆ ಬರುವ ಮೇಜಿಗೆ ದುಡ್ಡು ಸುರಿಯುವುದೇಕೆ ಎಂದು ಎಷ್ಟೋ ಮನೆಯವರು ಬಟ್ಟೆಯ ಡ್ರಾಯರ್ ಪೆಟ್ಟಿಗೆಯ ಮೇಲೆಯೇ ಅಂಚು ಎತ್ತರಿಸಿದ ಮೆತ್ತೆಯನ್ನು ಕೂರಿಸಿಕೊಂಡರು. ಜಾಣತನದ ಆಯ್ಕೆಯೇ. ಆದರೆ ಗೋಡೆಗೆ ಬಿಗಿಯದ ಪೆಟ್ಟಿಗೆ ಮಕ್ಕಳ ಮೇಲೆ ಉರುಳಬಲ್ಲದು. ಮಕ್ಕಳ ಸಾವುಗಳ ನಂತರ 2016ರಲ್ಲಿ ಪೀಠೋಪಕರಣ ಕಂಪನಿ ಐಕಿಯಾ ಅಮೆರಿಕದಲ್ಲಿ ಸುಮಾರು 2 ಕೋಟಿ 90 ಲಕ್ಷ ಡ್ರಾಯರ್ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಯಿತು. ಚೇಂಜಿಂಗ್ ಟೇಬಲ್‌ಗಳಿಗೇ ಅಲ್ಲಿನ ಕಡ್ಡಾಯ ಸುರಕ್ಷತಾ ನಿಯಮ ಜಾರಿಗೆ ಬಂದದ್ದು 2019ರಲ್ಲಿ. ಮೇಜು ಕೊಳ್ಳುವವರು ಮರದ ಬಣ್ಣಕ್ಕಿಂತ ಮೊದಲು ಅಂಚಿನ ಎತ್ತರವನ್ನೂ ಗೋಡೆಗೆ ಬಿಗಿಯುವ ಪಟ್ಟಿಯನ್ನೂ ನೋಡಬೇಕು.

ಈ ಮೇಜಿನ ಚರಿತ್ರೆಯಲ್ಲಿ ನಿಜವಾಗಿ ದೊಡ್ಡ ತಿರುವು ಬಂದದ್ದು ಮನೆಯ ಹೊರಗೆ. 1990ರ ದಶಕದಲ್ಲಿ ಕೊಲರಾಡೊದ ಕೊಆಲಾ ಕೇರ್ ಕಂಪನಿಯ ಮಡಚುವ ಪ್ಲಾಸ್ಟಿಕ್ ಹಲಗೆಗಳು ಹೋಟೆಲು, ಮಾಲುಗಳ ಶೌಚಾಲಯದ ಗೋಡೆ ಏರಿದವು. ಏರಿದ್ದು ಹೆಚ್ಚಾಗಿ ಹೆಂಗಸರ ಕಡೆಯ ಗೋಡೆಯನ್ನೇ. ಕೂಸಿನ ಕೆಲಸ ಯಾರದು ಎಂದು ಕಟ್ಟಡವೇ ತೀರ್ಮಾನಿಸಿಬಿಟ್ಟಂತಿದ್ದ ಈ ಏರ್ಪಾಡು ತಾಯಂದಿರಿಗೂ ತಂದೆಯರಿಗೂ ಮಾಡಿದ್ದು ಅನ್ಯಾಯವೇ. 2015ರಲ್ಲಿ ನಟ ಆಷ್ಟನ್ ಕಚರ್ ಇದರ ವಿರುದ್ಧ ಸಹಿ ಸಂಗ್ರಹಕ್ಕಿಳಿದ. ಮರುವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆ, ಜನರು ಬಂದುಹೋಗುವ ಕೇಂದ್ರ ಸರ್ಕಾರಿ ಕಟ್ಟಡಗಳಲ್ಲಿ ಗಂಡಸರ ಶೌಚಾಲಯಕ್ಕೂ ಮೇಜು ಬೇಕೆಂದಿತು. ಖಾಸಗಿ ಹೋಟೆಲುಗಳಿಗೆ ಅದು ಅನ್ವಯಿಸಲಿಲ್ಲ. 2018ರಲ್ಲಿ ಫ್ಲಾರಿಡಾದ ಡಾಂಟೆ ಪಾಮರ್ ಎಂಬ ತಂದೆ ಜಾಲತಾಣದಲ್ಲಿ ಹಾಕಿದ ಚಿತ್ರ ಆ ಕೊರತೆಯನ್ನು ಎಲ್ಲರ ಕಣ್ಣಿಗೆ ಬೀಳಿಸಿತು: ಗಂಡಸರ ಶೌಚಾಲಯದಲ್ಲಿ ಅರ್ಧ ಕುಕ್ಕರಿಸಿ, ಗೋಡೆಗೆ ಬೆನ್ನು ಕೊಟ್ಟು, ತೊಡೆಗಳನ್ನೇ ಹಲಗೆ ಮಾಡಿಕೊಂಡು ಆತ ಮಗನ ಡೈಪರ್ ಬದಲಿಸುತ್ತಿದ್ದ. ಮರುವರ್ಷ ಪ್ಯಾಂಪರ್ಸ್ ಕಂಪನಿ ಉತ್ತರ ಅಮೆರಿಕದ ಗಂಡಸರ ಶೌಚಾಲಯಗಳಿಗೆ 5,000 ಮೇಜುಗಳನ್ನು ಕೊಡುವುದಾಗಿ ಸಾರಿತು.

ಕರ್ನಾಟಕದಲ್ಲಿ ಈ ಮಾತು ಎದ್ದದ್ದು 2022ರ ಜೂನ್‌ನಲ್ಲಿ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಗಂಡಸರ ಶೌಚಾಲಯದಲ್ಲಿ ಕಂಡ ಡೈಪರ್ ಬದಲಿಸುವ ಕಟ್ಟೆಯ ಚಿತ್ರವೊಂದು ಟ್ವಿಟರ್‌ನಲ್ಲಿ ಹರಿದಾಡಿ, ಸಾವಿರಾರು ಮಂದಿ ಮೆಚ್ಚಿದರು. ಗಂಡು ಹೆಣ್ಣೆಂಬ ಭೇದವಿಲ್ಲದೆ ತಮ್ಮ ಶೌಚಾಲಯಗಳಲ್ಲಿ ಈ ಸೌಲಭ್ಯವಿದೆ ಎಂದು ನಿಲ್ದಾಣದವರು ಅಲ್ಲಿಯೇ ಉತ್ತರ ಕೊಟ್ಟರು.