ಕಾಯಿಲೆ ಬೀಳದ ಇಲಿ

1951ರಲ್ಲಿ ಕೊರಿಯಾದ 38ನೇ ಅಕ್ಷಾಂಶದ ಆಸುಪಾಸಿನಲ್ಲಿ ಬೀಡುಬಿಟ್ಟಿದ್ದ ವಿಶ್ವಸಂಸ್ಥೆಯ ಸೈನಿಕರು ಗುಂಡೇಟು ಬೀಳದೆಯೇ ಆಸ್ಪತ್ರೆ ಸೇರತೊಡಗಿದರು. ಮೊದಲು ಜ್ವರ, ಬೆನ್ನುನೋವು, ಕೆಂಪೇರಿದ ಮುಖ. ಆಮೇಲೆ ಚರ್ಮದಡಿ ರಕ್ತದ ಚುಕ್ಕೆಗಳು, ಕುಸಿಯುವ ರಕ್ತದೊತ್ತಡ, ಕೆಲಸ ನಿಲ್ಲಿಸುವ ಮೂತ್ರಪಿಂಡ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 3,000 ಸೈನಿಕರು ಈ ರೋಗಕ್ಕೆ ತುತ್ತಾಗಿದ್ದರು; ಅನೇಕರು ಸತ್ತರು.

ರೋಗ ಹೊಸದೇನಾಗಿರಲಿಲ್ಲ. 1930ರ ದಶಕದಲ್ಲೇ ಮಂಚೂರಿಯಾ ಗಡಿಯಲ್ಲಿ ಜಪಾನಿ ಮತ್ತು ಸೋವಿಯತ್ ಸೇನಾ ವೈದ್ಯರು ಇದನ್ನು ಕಂಡಿದ್ದರು. ಜಪಾನಿನ ಕುಖ್ಯಾತ 731ನೇ ಘಟಕ ಕೈದಿಗಳ ಮೈಗೇ ಈ ರೋಗವನ್ನು ಚುಚ್ಚಿ ಪರೀಕ್ಷಿಸಿತ್ತು. ಹೊಲದಿಲಿಯ ಮೈಮೇಲಿನ ನುಸಿ ರೋಗ ಹರಡುತ್ತದೆ ಎಂಬ ಊಹೆ ಆ ಕಾಲದ್ದು. ಅಮೆರಿಕನ್ನರೂ ಅದೇ ಜಾಡು ಹಿಡಿದರು. ಸೈನಿಕರ ಸಮವಸ್ತ್ರಗಳಿಗೆ ನುಸಿ ನಿವಾರಕ ಹಚ್ಚಿದರು. ಜ್ವರ ನಿಲ್ಲಲಿಲ್ಲ.

ಪ್ರಯೋಗಾಲಯದಲ್ಲೂ ದಾರಿ ಕಾಣಲಿಲ್ಲ. ಒಂದು ವೈರಸ್ ಇದೆಯೋ ಇಲ್ಲವೋ ತಿಳಿಯಲು ಆಗ ರೋಗಿಯ ರಕ್ತವನ್ನು ಪ್ರಾಣಿಗಳಿಗೆ ಚುಚ್ಚಿ ಕಾಯುತ್ತಿದ್ದರು. ಪ್ರಾಣಿ ನರಳಿದರೆ ಸುಳಿವು ಸಿಕ್ಕಂತೆ. ಇಲ್ಲಿ ಯಾವ ಪ್ರಾಣಿಯೂ ನರಳಲಿಲ್ಲ. ಹೀಗೆ ಸುಮಾರು ಇಪ್ಪತ್ತೈದು ವರ್ಷ ಕಳೆಯಿತು.

ಇದನ್ನು ನಮ್ಮ ಮಂಗನ ಕಾಯಿಲೆಯ ಜೊತೆ ಇಟ್ಟು ನೋಡಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಕಾಡೇ ಡಂಗುರ ಹೊಡೆದಂತಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೇ ವರ್ಷ ವೈರಸ್ ಪತ್ತೆಮಾಡಿದರು. ಅದನ್ನು ದಾಟಿಸುವುದು ಉಣುಗು ಎಂಬುದೂ ತಿಳಿಯಿತು. ಕೊರಿಯಾದ ಹೊಲಗಳಲ್ಲಿ ಅಂಥ ಡಂಗುರ ಕೇಳಿಸಲಿಲ್ಲ.

ಸೋಲ್‌ನ ವೈರಾಣು ವಿಜ್ಞಾನಿ ಲೀ ಹೊ-ವಾಂಗ್ ಹುಡುಕುವ ಬಗೆಯನ್ನೇ ತಿರುಗಿಸಿದರು. ಗುಣವಾದ ರೋಗಿಗಳ ರಕ್ತದಲ್ಲಿ ಆ ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳು ಉಳಿದಿರುತ್ತವೆ. ಅವು ಅಂಟಿಕೊಂಡ ಜಾಗ ಸೂಕ್ಷ್ಮದರ್ಶಕದಡಿ ಹೊಳೆಯುವಂಥ ಬಣ್ಣ ಬಳಸಿ, ಕಾಡು ಇಲಿಗಳ ಅಂಗಾಂಗಗಳನ್ನು ಪರೀಕ್ಷಿಸುತ್ತಾ ಹೋದರು. 1976ರಲ್ಲಿ ಬೆನ್ನ ಮೇಲೆ ಕಪ್ಪು ಪಟ್ಟೆಯಿರುವ ಹೊಲದಿಲಿಯ ಶ್ವಾಸಕೋಶ ಹೊಳೆಯಿತು. 1978ರಲ್ಲಿ ವೈರಸ್ಸನ್ನು ಬೇರ್ಪಡಿಸಿದ ವಿವರ ಪ್ರಕಟವಾಯಿತು. ಇಲಿ ಹಿಡಿದ ಸೀಮೆಯಲ್ಲಿ ಹರಿಯುವ ಹಂಟಾನ್ ನದಿಯ ಹೆಸರನ್ನೇ ಅದಕ್ಕಿಟ್ಟರು. ಈ ಕೆಲಸದ ನಡುವೆ ಲೀ ಅವರ ಸಹೋದ್ಯೋಗಿಗಳಲ್ಲೇ ಹಲವರು ಅದೇ ಜ್ವರದಿಂದ ಮಲಗಿದ್ದರು.

ಒಗಟು ಬಿಡಿಸಿದ್ದು ಇಲಿಯ ಆರೋಗ್ಯ. ವೈರಸ್ಸನ್ನು ಮೈಯಲ್ಲಿಟ್ಟುಕೊಂಡೇ ಅದು ತಿನ್ನುತ್ತದೆ, ಓಡಾಡುತ್ತದೆ, ಮರಿ ಹಾಕುತ್ತದೆ. ಅದರ ಮೂತ್ರ, ಹಿಕ್ಕೆ, ಜೊಲ್ಲು ಒಣಗಿ ಧೂಳಾಗುತ್ತವೆ. ಆ ಧೂಳು ಮನುಷ್ಯನ ಉಸಿರಿಗೆ ಸೇರುತ್ತದೆ. ನಡುವೆ ನುಸಿಯ ಹಂಗೇ ಬೇಕಿಲ್ಲ. ಸುಗ್ಗಿಯಲ್ಲಿ ಪೈರು ಕೊಯ್ಯುವ ರೈತ, ಹುಲ್ಲುಗಾವಲಿನಲ್ಲಿ ಕಂದಕ ತೋಡುವ ಸೈನಿಕ, ಇಬ್ಬರೂ ಅದೇ ಗಾಳಿ ಕುಡಿಯುತ್ತಿದ್ದರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಜ್ವರ ಏರುತ್ತಿದ್ದುದಕ್ಕೆ ಈಗ ಅರ್ಥ ಸಿಕ್ಕಿತು. ಮುಂದೆ ಲೀ ಮತ್ತು ಸಂಗಡಿಗರು ಇದರ ಸಂಬಂಧಿ ವೈರಸ್ಸನ್ನು ಸೋಲ್ ನಗರದ ಇಲಿಗಳಲ್ಲೂ ಕಂಡರು. 1990ರಲ್ಲಿ ಕೊರಿಯಾದಲ್ಲಿ ಲಸಿಕೆಯೂ ಬಂತು.

ಈ ಕತೆಯ ಒಂದು ಎಳೆ ನಮ್ಮ ಪಕ್ಕದಲ್ಲೇ ಇದೆ. 1964ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಒಂದು ಸುಂಡಿಲಿಯಿಂದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಬೇರ್ಪಡಿಸಿದ್ದರು. ಉದ್ದ ಮೂತಿ ಚಾಚಿ, ಕಿಚಕಿಚ ಎನ್ನುತ್ತಾ ಗೋಡೆಯಂಚಿನಲ್ಲೇ ಓಡುವ ಈ ಪ್ರಾಣಿ ಇಲಿಯಂತೆ ಕಂಡರೂ ಇಲಿಯ ವಂಶದ್ದಲ್ಲ. ವೈರಸ್ಸಿಗೆ ತೊಟ್ಟಪಾಳ್ಯಂ ಎಂದು ಅಲ್ಲಿನ ಸ್ಥಳದ ಹೆಸರಿಟ್ಟು ದಾಖಲಿಸಿದರು. ಅದು ಹಂಟಾ ಕುಲದ್ದೆಂದು ಗೊತ್ತಾದದ್ದು ಕೊರಿಯಾದ ಇಲಿ ಗುಟ್ಟು ಬಿಟ್ಟುಕೊಟ್ಟ ಮೇಲೆ. ಹಂಟಾನ್ ನದಿಯ ದಡದಲ್ಲಿ ಜಗತ್ತು ಹುಡುಕುತ್ತಿದ್ದ ವೈರಸ್ಸಿನ ನೆಂಟ, ಹನ್ನೆರಡು ವರ್ಷ ಮೊದಲೇ ವೆಲ್ಲೂರಿನಲ್ಲಿ ಕೈಗೆ ಸಿಕ್ಕಿತ್ತು. ಯಾರ ನೆಂಟನೆಂದು ಹೇಳಲು ಆಗ ಯಾರಿಗೂ ಸಾಧ್ಯವಿರಲಿಲ್ಲ.