ದೇವರೆನಿಸಿಕೊಂಡಿದ್ದ ಚಕ್ರವರ್ತಿ



ಆಗಸ್ಟ್ 15 ನಮಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ, ಸ್ವಾತಂತ್ರ್ಯ ದಿನವೂ ಹೌದು. 1945ರಲ್ಲಿ ಅದೇ ದಿನ ಜಪಾನಿನ ಜನಸಾಮಾನ್ಯರು ತಮ್ಮ ಚಕ್ರವರ್ತಿ ಹಿರೋಹಿತೋ ಅವರ ದನಿಯನ್ನು ರೇಡಿಯೋದಲ್ಲಿ ಮೊದಲ ಸಲ ಕೇಳಿದರು. ಅದು ಶರಣಾಗತಿಯ ಸುದ್ದಿ.

1889ರ ಸಂವಿಧಾನದಲ್ಲಿ ಚಕ್ರವರ್ತಿ ಪವಿತ್ರ, ಪ್ರಶ್ನಾತೀತ. ಸೇನೆಯ ಪರಮಾಧಿಕಾರಿಯೂ ಅವರೇ. 1932ರಲ್ಲಿ ಟೋಕಿಯೋದ ಕಥೋಲಿಕ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಯಾಸುಕುನಿ ಗುಡಿಯಲ್ಲಿ ವಂದಿಸಲು ಒಪ್ಪಲಿಲ್ಲ. ಸೇನೆ ಕೆರಳಿತು. 1936ರಲ್ಲಿ ರೋಮ್ ಇದನ್ನು ದೇಶಭಕ್ತಿಯ ಆಚರಣೆಯೆಂದು ಪರಿಗಣಿಸಿ ಅನುಮತಿ ಕೊಟ್ಟಿತು. ಆ ಒತ್ತಡ ನಮ್ಮ ಧರ್ಮಸಭೆಯನ್ನೂ ಬಿಡಲಿಲ್ಲ.

1941ರ ಡಿಸೆಂಬರ್ 1ರಂದು ಚಕ್ರವರ್ತಿಯ ಸಮ್ಮುಖದಲ್ಲೇ ಯುದ್ಧದ ತೀರ್ಮಾನವಾಯಿತು. ಅವರಿಗೆ ಅಳುಕಿತ್ತು, ಆದರೆ ತಡೆಯಲಿಲ್ಲ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿತ್ತು. ಉರಕಾಮಿ ದೇವಾಲಯದಲ್ಲಿ ಅದೇ ಸ್ವರ್ಗಸ್ವೀಕಾರದ ಹಬ್ಬಕ್ಕೆಂದು ಪಾಪನಿವೇದನೆ ನಡೆಯುತ್ತಿತ್ತು. ಒಳಗಿದ್ದ ಗುರುಗಳೂ ಭಕ್ತರೂ ಸತ್ತರು. ಅಂದು ರಾತ್ರಿ ಯುದ್ಧ ಮಂಡಳಿಯ ಆರು ಮಂದಿ ಸಮನಾಗಿ ಇಬ್ಭಾಗವಾದಾಗ ಪ್ರಧಾನಿ ಸುಜುಕಿ ಚಕ್ರವರ್ತಿಯ ಅಭಿಪ್ರಾಯ ಕೇಳಿದರು. ಯುದ್ಧ ಸಾಕು ಎಂದರು ಅವರು.

ಅಂದು ಹೇಳಿದ ಮಾತನ್ನು 1941ರಲ್ಲೇ ಏಕೆ ಹೇಳಲಿಲ್ಲ? ಸರ್ಕಾರ ಒಮ್ಮತದಿಂದ ತಂದದ್ದನ್ನು ಒಪ್ಪುವುದೇ ಪದ್ಧತಿಯಾಗಿತ್ತು ಎನ್ನುತ್ತಾರೆ ಕೆಲವರು. ಅವರು ಬರೀ ಮೂಕಸಾಕ್ಷಿಯಲ್ಲ, ಯುದ್ಧದಲ್ಲಿ ಪಾಲುದಾರರೇ ಎಂದು ಇತಿಹಾಸಕಾರ ಹರ್ಬರ್ಟ್ ಬಿಕ್ಸ್ ವಾದಿಸಿದ್ದಾರೆ.

1946ರ ಜನವರಿ 1ರ ಘೋಷಣೆಯಲ್ಲಿ, ಚಕ್ರವರ್ತಿ ದೇವರೆಂಬುದು ಸುಳ್ಳು ಕಲ್ಪನೆ ಎಂದು ಹಿರೋಹಿತೋ ತಾವೇ ಹೇಳಿದರು. ಆ ಏಪ್ರಿಲ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಹಾಕಿದರು. 39 ಮಹಿಳೆಯರು ಸಂಸತ್ತಿಗೆ ಬಂದರು. 1947ರ ಮೇ 3ರಂದು ಜಾರಿಯಾದ ಸಂವಿಧಾನ ಅಧಿಕಾರವನ್ನು ಜನರಿಗೆ ಕೊಟ್ಟಿತು, ಚಕ್ರವರ್ತಿಯನ್ನು ಸಂಕೇತವಾಗಿ ಮಾತ್ರ ಉಳಿಸಿತು. ಯುದ್ಧ ಹೂಡುವ ಹಕ್ಕನ್ನು ಕೈಬಿಟ್ಟು, ಧಾರ್ಮಿಕ ಸ್ವಾತಂತ್ರ್ಯದ ಭರವಸೆ ನೀಡಿತು.

ಆದರೆ ಲೆಕ್ಕ ಚುಕ್ತಾ ಆಗಲಿಲ್ಲ. ಟೋಕಿಯೋ ವಿಚಾರಣೆಯ ನಂತರ 1948ರಲ್ಲಿ ಏಳು ಮಂದಿಗೆ ಗಲ್ಲಾಯಿತು. ಆಡಳಿತ ಸುಗಮವಾಗಲೆಂದು ಅಮೆರಿಕದ ಜನರಲ್ ಮೆಕಾರ್ಥರ್ ಚಕ್ರವರ್ತಿಯನ್ನು ಕಟಕಟೆಗೆ ತರಲಿಲ್ಲ. 1989ರಲ್ಲಿ ಸಾಯುವವರೆಗೂ ಅವರು ಸಿಂಹಾಸನದಲ್ಲೇ ಇದ್ದರು.

ಮನುಷ್ಯನನ್ನು ದೇವರ ಜಾಗದಲ್ಲಿ ಕೂರಿಸಿದಾಗ ಅವನನ್ನು ಪ್ರಶ್ನಿಸುವವರೂ ಇರುವುದಿಲ್ಲ, ಅವನು ಉತ್ತರ ಕೊಡಬೇಕಾಗಿಯೂ ಇರುವುದಿಲ್ಲ. ಯಾವ ನಾಯಕನ ಮುಂದೆ ನಾವು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇವೆ? ಮುಂದಿನ ಯುವಕೂಟದಲ್ಲಿ ಇದನ್ನು ಚರ್ಚಿಸೋಣ.