ಹಳಿಯ ಮಾತು, ಪಿಂಚಣಿಯ ಮಾತು: ಸಿನ್ಸಿನಾಟಿ ನಗರಸಭೆಯ ಕಥೆ

ಅಮೆರಿಕದಲ್ಲಿ ರೈಲುಮಾರ್ಗಗಳೆಂದರೆ ಖಾಸಗಿ ಕಂಪನಿಗಳ ಸ್ವತ್ತು ಎಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆಗೆ ನೂರೈವತ್ತು ವರ್ಷಗಳ ಕಾಲ ಅಪವಾದವಾಗಿ ನಿಂತ ಊರು ಒಂದಿದೆ. ಅದು ಓಹಾಯೊ ರಾಜ್ಯದ ಸಿನ್ಸಿನಾಟಿ. ತನ್ನ ಗಡಿಯಾಚೆ ಎರಡು ಪರರಾಜ್ಯಗಳನ್ನು ಹಾದುಹೋಗುವ 540 ಕಿಲೋಮೀಟರ್ ಉದ್ದದ ರೈಲುಮಾರ್ಗವೊಂದನ್ನು ಈ ನಗರ ಸ್ವಂತ ಹಣದಿಂದ ಕಟ್ಟಿಸಿತು. 2024ರವರೆಗೂ ಅದರ ಒಡೆಯನಾಗಿ ಉಳಿಯಿತು. ಅದೇ ನಗರ ಒಂದೂ ರೈಲು ಓಡದ ಸುರಂಗವೊಂದನ್ನು ತೋಡಿ, ಅದರ ಸಾಲವನ್ನು ನಾಲ್ಕು ದಶಕ ತೀರಿಸಿತು. ತನ್ನ ನೌಕರರಿಗೆ ಪಿಂಚಣಿಯ ಮಾತು ಕೊಟ್ಟು, ಅದನ್ನು ನಡೆಸಲಾರದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ರೈಲಿಗೂ ಪಿಂಚಣಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಎರಡೂ ಬಹುಕಾಲದ ಮಾತುಗಳು. ಇಂದು ಕೈಯೆತ್ತಿ ಒಪ್ಪಿಗೆ ಕೊಡುವ ಸದಸ್ಯರು ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಮನೆಗೆ ಹೋಗುತ್ತಾರೆ. ಲೆಕ್ಕ ತೀರಿಸುವವರು ಆಗಿನ್ನೂ ಹುಟ್ಟಿರದ ತೆರಿಗೆದಾರರು. ಅಂಥ ಮಾತು ಯಾವಾಗ ಉಳಿಯುತ್ತದೆ, ಯಾವಾಗ ಮುರಿಯುತ್ತದೆ ಎಂಬುದಕ್ಕೆ ಸಿನ್ಸಿನಾಟಿಯ ಚರಿತ್ರೆ ಒಳ್ಳೆಯ ಪಾಠ.

ವಕೀಲನೊಬ್ಬ ಕಂಡ ದಾರಿ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಿನ್ಸಿನಾಟಿಯ ಸಿರಿಗೆ ಕಾರಣ ಓಹಾಯೊ ನದಿ. ಉಗಿದೋಣಿಗಳು ಸರಕು ಹೊತ್ತು ದಕ್ಷಿಣಕ್ಕೆ ಸಾಗುತ್ತಿದ್ದವು. ಹಂದಿಮಾಂಸದ ವ್ಯಾಪಾರ ಎಷ್ಟು ದೊಡ್ಡದಾಗಿತ್ತೆಂದರೆ ಊರಿಗೆ 'ಪೋರ್ಕೊಪೊಲಿಸ್' ಎಂಬ ಅಡ್ಡಹೆಸರೇ ಬಿದ್ದಿತ್ತು. ರೈಲು ಬಂದ ಮೇಲೆ ವ್ಯಾಪಾರ ನದಿಯನ್ನು ಬಿಟ್ಟು ಹಳಿಯ ಹಿಂದೆ ಹೊರಟಿತು. ನದಿಯ ಕೆಳಹರಿವಿನಲ್ಲಿದ್ದ ಕೆಂಟಕಿಯ ಲೂಯಿವಿಲ್ ನಗರಕ್ಕೆ ದಕ್ಷಿಣದ ರೈಲು ಸಂಪರ್ಕ ಸಿಕ್ಕಿತ್ತು, ಸಿನ್ಸಿನಾಟಿಗೆ ಸಿಕ್ಕಿರಲಿಲ್ಲ. ಅಂತರ್ಯುದ್ಧ ಮುಗಿದ ಹೊತ್ತಿಗೆ ದಕ್ಷಿಣದ ಪೇಟೆ ಕೈತಪ್ಪುವ ಭಯ ಇಲ್ಲಿನ ವರ್ತಕರನ್ನು ಕಾಡತೊಡಗಿತು.

ಆದರೆ ರೈಲು ಕಂಪನಿಗೆ ನಗರಸಭೆ ಹಣ ಕೊಡುವಂತಿರಲಿಲ್ಲ. ಹಿಂದೆ ಓಹಾಯೊದ ಊರುಗಳೂ ಜಿಲ್ಲೆಗಳೂ ಖಾಸಗಿ ಕಾಲುವೆ, ರೈಲು ಕಂಪನಿಗಳಲ್ಲಿ ಸಾರ್ವಜನಿಕ ಹಣ ತೊಡಗಿಸಿ ಕೈಸುಟ್ಟುಕೊಂಡಿದ್ದವು. ಆದ್ದರಿಂದ ರಾಜ್ಯದ 1851ರ ಸಂವಿಧಾನ ಯಾವ ನಗರವೂ ಖಾಸಗಿ ಕಂಪನಿಯ ಷೇರು ಕೊಳ್ಳಬಾರದು, ಅದಕ್ಕೆ ಸಾಲ ಕೊಡಬಾರದು ಎಂದು ವಿಧಿಸಿತ್ತು. ಎಡ್ವರ್ಡ್ ಫರ್ಗ್ಯುಸನ್ ಎಂಬ ವಕೀಲ ಈ ವಿಧಿಯನ್ನು ಇನ್ನೊಂದು ಬಗೆಯಲ್ಲಿ ಓದಿದ. ನಗರ ಕಂಪನಿಯ ಪಾಲುದಾರನಾಗಬಾರದು, ನಿಜ. ಇಡೀ ರೈಲುಮಾರ್ಗವನ್ನು ತಾನೇ ಕಟ್ಟಿಸಬಾರದೆಂದು ಎಲ್ಲಿ ಹೇಳಿದೆ? 1869ರಲ್ಲಿ ಓಹಾಯೊ ಶಾಸನಸಭೆ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಕಾಯಿದೆಯನ್ನು ಅಂಗೀಕರಿಸಿತು. ಅದೇ ವರ್ಷದ ಜೂನ್‌ನಲ್ಲಿ ಒಂದು ಕೋಟಿ ಡಾಲರ್ ಸಾಲಪತ್ರಗಳಿಗೆ ನಗರದ ಮತದಾರರು ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು.

ಆ ಕಾಯಿದೆಯ ಒಂದು ಅಂಶ ಗಮನಾರ್ಹ. ರೈಲುಮಾರ್ಗದ ಆಡಳಿತವನ್ನು ಅದು ನಗರಸಭೆಯ ಕೈಗೆ ಕೊಡಲಿಲ್ಲ. ನ್ಯಾಯಾಲಯ ನೇಮಿಸುವ ಟ್ರಸ್ಟಿಗಳ ಮಂಡಲಿಗೆ ವಹಿಸಿತು. ವರ್ಷವರ್ಷದ ಆಯವ್ಯಯದ ಒತ್ತಡಕ್ಕೆ, ಚುನಾವಣೆಯ ಬಿಸಿಗೆ ಸಿಕ್ಕದಂತೆ ಆಸ್ತಿಯನ್ನು ಬೇರೆಯಾಗಿ ಇಟ್ಟದ್ದು ಮುಂದಿನ ಕಥೆಗೆಲ್ಲ ಆಧಾರವಾಯಿತು.

ಕೆಲಸವೇನೂ ಸುಲಭದ್ದಾಗಿರಲಿಲ್ಲ. ಟೆನೆಸಿಯ ಚಟನೂಗಾವರೆಗಿನ ಹಾದಿಯ ಬಹುಭಾಗ ಕೆಂಟಕಿಯಲ್ಲಿತ್ತು. ಲೂಯಿವಿಲ್‌ನ ಹಿತಾಸಕ್ತಿಗಳ ಒತ್ತಡದಿಂದ ಕೆಂಟಕಿಯ ಶಾಸನಸಭೆ 1872ರವರೆಗೂ ಅನುಮತಿ ಕೊಡಲಿಲ್ಲ. ಆ ಮೇಲೆ ಬೆಟ್ಟ, ಕಣಿವೆ, ಒಂದರ ಹಿಂದೊಂದು ಸುರಂಗ. ಕೆಂಟಕಿ ನದಿಯ ಮೇಲೆ 275 ಅಡಿ ಎತ್ತರದಲ್ಲಿ ಕಟ್ಟಿದ ಸೇತುವೆ 1877ರಲ್ಲಿ ಮುಗಿದಾಗ ಎಂಜಿನಿಯರಿಂಗ್ ಲೋಕದ ಸೋಜಿಗವಾಗಿತ್ತು. ಒಂದು ಕೋಟಿ ಡಾಲರ್ ಸಾಲಲಿಲ್ಲ. ಮತ್ತೆ 60 ಲಕ್ಷ, ಆ ಮೇಲೆ 20 ಲಕ್ಷ ಸಾಲ ಎತ್ತಬೇಕಾಯಿತು. 1880ರಲ್ಲಿ ಚಟನೂಗಾವರೆಗೆ ರೈಲು ಓಡಿತು. ಮರುವರ್ಷವೇ ಟ್ರಸ್ಟಿಗಳು ಮಾರ್ಗವನ್ನು ಖಾಸಗಿ ಕಂಪನಿಯೊಂದಕ್ಕೆ ಗುತ್ತಿಗೆಗೆ ಕೊಟ್ಟರು. ರೈಲು ಓಡಿಸುವ ಗೋಜು ಕಂಪನಿಗೆ, ನೆಲ ಮತ್ತು ಹಳಿ ನಗರಕ್ಕೆ. ವರ್ಷವರ್ಷ ಬಾಡಿಗೆ ಬರತೊಡಗಿತು. 1896ರಲ್ಲಿ ಅದನ್ನು ಮಾರಿಬಿಡುವ ಪ್ರಸ್ತಾಪ ಬಂದಾಗ ಮತದಾರರು ಕೂದಲೆಳೆಯ ಅಂತರದಿಂದ ಬೇಡವೆಂದರು.

ರೈಲು ಬಾರದ ಸುರಂಗ

ಈ ಯಶಸ್ಸು ನಗರಕ್ಕೆ ಧೈರ್ಯ ಕೊಟ್ಟಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಊರ ನಡುವಿನ ಹಳೆಯ ಕಾಲುವೆ ಕೊಳಚೆಯಾಗಿ ನಾರುತ್ತಿತ್ತು. ಅದನ್ನು ಬತ್ತಿಸಿ, ಆ ಪಾತ್ರದಲ್ಲೇ ನೆಲದಡಿಯ ರೈಲು ಹಾಕಿ, ಮೇಲೆ ಅಗಲವಾದ ರಸ್ತೆ ಮಾಡುವ ಯೋಜನೆ ಸಿದ್ಧವಾಯಿತು. ನಗರವನ್ನು ಸುತ್ತುವ ಸುಮಾರು 16 ಮೈಲಿ ಮಾರ್ಗಕ್ಕೆ 1916ರಲ್ಲಿ ಮತದಾರರು 60 ಲಕ್ಷ ಡಾಲರ್ ಸಾಲಕ್ಕೆ ಒಪ್ಪಿದರು.

ಮರುವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು, ಕೆಲಸ ನಿಂತಿತು. 1920ರಲ್ಲಿ ಗುದ್ದಲಿ ಬೀಳುವ ಹೊತ್ತಿಗೆ ಕಬ್ಬಿಣ, ಸಿಮೆಂಟು, ಕೂಲಿ ಎಲ್ಲದರ ಬೆಲೆ ಏರಿ, ಮತ ಕೊಟ್ಟಾಗಿನ ಅಂದಾಜು ಕಾಗದದ ಮೇಲಷ್ಟೇ ಉಳಿದಿತ್ತು. ಸುಮಾರು ಎರಡು ಮೈಲಿ ಸುರಂಗ ಮತ್ತು ಕೆಲವು ನಿಲ್ದಾಣಗಳು ಆಗುವಷ್ಟರಲ್ಲಿ ಬೊಕ್ಕಸ ಬರಿದಾಯಿತು. ಹಳಿ ಹಾಕಲಿಲ್ಲ, ಗಾಡಿ ಕೊಳ್ಳಲಿಲ್ಲ.

ಇಷ್ಟರಲ್ಲಿ ರಾಜಕೀಯವೂ ಬದಲಾಯಿತು. ಪಕ್ಷದ ಯಜಮಾನರ ಹಿಡಿತದಲ್ಲಿದ್ದ ಹಳೆಯ ಆಡಳಿತವನ್ನು 1924ರಲ್ಲಿ ಜನ ಕಿತ್ತೊಗೆದು ಒಂಬತ್ತು ಸದಸ್ಯರ ಹೊಸ ನಗರಸಭೆಗೆ ದಾರಿ ಮಾಡಿದರು. ಸುಧಾರಕರ ಮುಂದಾಳು ಮರ್ರೆ ಸೀಸನ್‌ಗುಡ್ ಮೇಯರ್ ಆದ. ಹಿಂದಿನವರ ಸುರಂಗಕ್ಕೆ ಇನ್ನಷ್ಟು ಹಣ ಸುರಿಯುವ ಮನಸ್ಸು ಹೊಸಬರಿಗೆ ಇರಲಿಲ್ಲ. ಬೀದಿಗಳಲ್ಲಿ ಮೋಟಾರು ಕಾರುಗಳೂ ಹೆಚ್ಚುತ್ತಿದ್ದವು. 1928ರಲ್ಲಿ ಮೇಲಿನ ರಸ್ತೆ ಸಂಚಾರಕ್ಕೆ ತೆರೆಯಿತು. ಕೆಳಗಿನ ಸುರಂಗ ಕತ್ತಲಲ್ಲಿ ಉಳಿಯಿತು. 1950ರ ದಶಕದಲ್ಲಿ ಅದರೊಳಗೆ ಕುಡಿಯುವ ನೀರಿನ ದೊಡ್ಡ ಕೊಳವೆ ಹಾಯಿಸಿದರು. ಸಾಲ ಮಾತ್ರ ಬಡ್ಡಿಸಹಿತ 1.3 ಕೋಟಿ ಡಾಲರ್ ಮುಟ್ಟಿ, 1966ರಲ್ಲಿ ತೀರಿತು. 1916ರಲ್ಲಿ ಮತ ಹಾಕಿದ ತಂದೆಯ ಸಾಲಕ್ಕೆ ಮೊಮ್ಮಗ ತೆರಿಗೆ ಕಟ್ಟಿದ.

ಚಕ್ರಬಡ್ಡಿಯ ಲೆಕ್ಕ

ಸುರಂಗದ ಸಾಲ ತೀರಿಸುತ್ತಿದ್ದ ಕಾಲದಲ್ಲೇ, 1931ರಲ್ಲಿ, ನಗರ ತನ್ನ ನೌಕರರಿಗಾಗಿ ಸ್ವಂತ ನಿವೃತ್ತಿ ನಿಧಿಯನ್ನು ಸ್ಥಾಪಿಸಿತು. ಅಮೆರಿಕದ ಬಹುತೇಕ ದುಡಿಯುವ ಜನರಿಗೆ ವೃದ್ಧಾಪ್ಯದಲ್ಲಿ ಕೇಂದ್ರ ಸರ್ಕಾರದ 'ಸೋಷಿಯಲ್ ಸೆಕ್ಯುರಿಟಿ' ಹಣ ಬರುತ್ತದೆ. ಆ ಯೋಜನೆ ಹುಟ್ಟಿದ್ದು 1935ರಲ್ಲಿ. ಸಿನ್ಸಿನಾಟಿಯ ನೌಕರರು ತಮ್ಮ ನಗರದ ನಿಧಿಯಲ್ಲೇ ಉಳಿದರು, ನಗರಸಭೆಯ ಸೇವೆಯ ಮೇಲೆ ಅವರಿಗೆ ಸೋಷಿಯಲ್ ಸೆಕ್ಯುರಿಟಿ ಇಲ್ಲ. ಹಾಗಾಗಿ ಕಸ ಎತ್ತುವ, ನೀರು ಬಿಡುವ, ರಸ್ತೆ ರಿಪೇರಿ ಮಾಡುವ ಈ ಜನರಿಗೆ ನಗರದ ಪಿಂಚಣಿಯೇ ಮುಪ್ಪಿನ ಊರುಗೋಲು.

ಪಿಂಚಣಿ ನಿಧಿ ನಡೆಯುವ ಬಗೆ ಸರಳ. ನೌಕರನ ಸಂಬಳದಿಂದ ಒಂದು ಪಾಲು, ನಗರಸಭೆಯಿಂದ ಒಂದು ಪಾಲು ಪ್ರತಿ ವರ್ಷ ನಿಧಿಗೆ ಸೇರಬೇಕು. ಆ ಹಣ ಬಂಡವಾಳ ಪೇಟೆಯಲ್ಲಿ ಬೆಳೆಯಬೇಕು. ನಗರಸಭೆಯ ಪಾಲು ಎಷ್ಟಿರಬೇಕೆಂದು ವಿಮಾಗಣಿತ ಬಲ್ಲವರು ಲೆಕ್ಕ ಹಾಕಿ ಹೇಳುತ್ತಾರೆ. ಆದರೆ ಎಷ್ಟು ಕೊಡುವುದು, ಸವಲತ್ತು ಎಷ್ಟು ಏರಿಸುವುದು ಎಂಬ ತೀರ್ಮಾನ ನಗರಸಭೆಯದು. ರೈಲಿನ ಟ್ರಸ್ಟಿಗಳಿಗೆ ಇದ್ದ ಬೇಲಿ ಇಲ್ಲಿ ಇರಲಿಲ್ಲ.

1990ರ ದಶಕದಲ್ಲಿ ಷೇರುಪೇಟೆ ಏರುತ್ತಿದ್ದಾಗ ನಿಧಿ ತುಂಬಿ ತುಳುಕುವಂತೆ ಕಂಡಿತು. ಸವಲತ್ತು ಹೆಚ್ಚಿತು. ಪೇಟೆ ಕುಸಿದ ಮೇಲೆ ನಗರದ ಪಾಲು ತಜ್ಞರು ಹೇಳಿದ ಮಟ್ಟಕ್ಕೆ ಏರಲಿಲ್ಲ. ಈ ವರ್ಷ ಕಡಿಮೆ ಕಟ್ಟಿದರೆ ಈ ವರ್ಷ ಯಾರಿಗೂ ನೋವಾಗುವುದಿಲ್ಲ. ಪಿಂಚಣಿಯ ವಿಷಯದಲ್ಲಿ ಇರುವ ಅಪಾಯವೇ ಅದು. 2008ರ ಆರ್ಥಿಕ ಕುಸಿತದ ನಂತರ ಲೆಕ್ಕ ನೋಡಿದರೆ ಕೊರತೆ 80 ಕೋಟಿ ಡಾಲರ್ ದಾಟಿತ್ತು. 2011ರಲ್ಲಿ ನಗರಸಭೆ ಸವಲತ್ತುಗಳನ್ನು ಕಡಿತಗೊಳಿಸಿತು. ನಿವೃತ್ತರೂ ನೌಕರರೂ ನ್ಯಾಯಾಲಯಕ್ಕೆ ಹೋದರು. ದುಡಿಮೆಯ ಕಾಲದಲ್ಲಿ ಕೊಟ್ಟ ಮಾತನ್ನು ದುಡಿಮೆ ಮುಗಿದ ಮೇಲೆ ಬದಲಿಸಬಹುದೇ ಎಂಬುದು ಅವರ ಪ್ರಶ್ನೆ.

2013ರ ನವೆಂಬರ್, ಡಿಸೆಂಬರ್

ರೈಲು ಮತ್ತು ಪಿಂಚಣಿ ಎರಡೂ ಒಂದೇ ಮತಪೆಟ್ಟಿಗೆಗೆ ಬಂದದ್ದು 2013ರ ನವೆಂಬರ್‌ನಲ್ಲಿ. ಆ ವೇಳೆಗೆ ನಗರ ಮತ್ತೆ ರೈಲಿಗೆ ಕೈ ಹಾಕಿತ್ತು. 1951ರಲ್ಲಿ ನಿಂತುಹೋಗಿದ್ದ ಟ್ರಾಮನ್ನು ಊರ ನಡುವೆ 3.6 ಮೈಲಿ ಸುತ್ತು ಹಾದಿಯಲ್ಲಿ ಓಡಿಸುವ ಯೋಜನೆ ಅದು. ಮೇಯರ್ ಮಾರ್ಕ್ ಮ್ಯಾಲರಿ ಅದರ ಬೆನ್ನಿಗೆ ನಿಂತಿದ್ದರು. 2009 ಮತ್ತು 2011ರಲ್ಲಿ ಅದನ್ನು ತಡೆಯಲು ತಂದ ಜನಮತದ ಪ್ರಸ್ತಾಪಗಳು ಸೋತಿದ್ದವು. 2013ರಲ್ಲಿ ಗಾಳಿ ತಿರುಗಿತು. ಟ್ರಾಮ್ ರದ್ದು ಮಾಡುವುದಾಗಿ ಹೇಳಿದ ಜಾನ್ ಕ್ರ್ಯಾನ್ಲಿ ಮೇಯರ್ ಆಗಿ ಗೆದ್ದರು.

ಅದೇ ದಿನ ಹೊಸ ನೌಕರರಿಗೆ ನಿಶ್ಚಿತ ಪಿಂಚಣಿ ಬೇಡ, ಅವರವರ ಖಾತೆಗೆ ಹಣ ಹಾಕಿದರೆ ಸಾಕು, ಹಳೆಯ ಕೊರತೆಯನ್ನು ಹತ್ತು ವರ್ಷದಲ್ಲಿ ತುಂಬಬೇಕು ಎಂಬ ತಿದ್ದುಪಡಿಯೂ ಮತಕ್ಕೆ ಬಂದಿತ್ತು. ಹತ್ತೇ ವರ್ಷದಲ್ಲಿ ಅಷ್ಟು ಹಣ ತುಂಬಬೇಕಾದರೆ ನಗರದ ಉಳಿದ ಸೇವೆಗಳಿಗೆ ಕತ್ತರಿ ಬೀಳುತ್ತದೆಂಬ ಆತಂಕ ಹಬ್ಬಿತು. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮತದಾರರು ಅದನ್ನು ತಿರಸ್ಕರಿಸಿದರು.

ಡಿಸೆಂಬರ್‌ನಲ್ಲಿ ಹೊಸ ನಗರಸಭೆ 5-4 ಮತಗಳಿಂದ ಟ್ರಾಮ್ ಕಾಮಗಾರಿಯನ್ನು ನಿಲ್ಲಿಸಿತು. ಹಳಿ ಆಗಲೇ ಬೀದಿಯಲ್ಲಿ ಬಿದ್ದಿತ್ತು, ಗಾಡಿಗಳಿಗೆ ಆದೇಶ ಹೋಗಿತ್ತು, ಕೇಂದ್ರ ಸರ್ಕಾರ ಕೊಟ್ಟ ಸುಮಾರು 4.5 ಕೋಟಿ ಡಾಲರ್ ಮರಳಿಸಬೇಕಿತ್ತು. ಲೆಕ್ಕ ಪರಿಶೋಧಕರು ಪರಿಶೀಲಿಸಿ ಹೇಳಿದ್ದು, ಕೈಬಿಡುವುದಕ್ಕೂ ಕೋಟಿಗಟ್ಟಲೆ ಡಾಲರ್ ಖರ್ಚಾಗುತ್ತದೆ ಎಂದು. ಊರಿನ ದತ್ತಿ ಸಂಸ್ಥೆಯೊಂದು ಓಡಾಟದ ವೆಚ್ಚಕ್ಕೆ ನೆರವಿನ ಭರವಸೆ ಕೊಟ್ಟಿತು. ಎರಡೇ ವಾರದಲ್ಲಿ ಅದೇ ನಗರಸಭೆ 6-3 ಮತಗಳಿಂದ ಕೆಲಸ ಮುಂದುವರಿಸಲು ತೀರ್ಮಾನಿಸಿತು. ಮೇಯರ್ ತಡೆಯೊಡ್ಡಲಾಗದಷ್ಟು ಬಹುಮತ ಅದು. 2016ರ ಸೆಪ್ಟೆಂಬರ್‌ನಲ್ಲಿ ಟ್ರಾಮ್ ಓಡಿತು. ಮುಚ್ಚಿದ ಸುರಂಗದ ಊರಿನಲ್ಲಿ ಇನ್ನೊಂದು ಅರೆಬರೆ ಕಾಮಗಾರಿ ಉಳಿಯುವುದು ತಪ್ಪಿತು.

ಪಿಂಚಣಿಯ ವ್ಯಾಜ್ಯ 2015ರಲ್ಲಿ ಫೆಡರಲ್ ನ್ಯಾಯಾಧೀಶ ಮೈಕೆಲ್ ಬ್ಯಾರೆಟ್ ಅವರ ಮುಂದೆ ರಾಜಿಯಲ್ಲಿ ಮುಗಿಯಿತು. ಅದರ ತಿರುಳು ಶಾಲೆಯಲ್ಲಿ ಕಲಿತ ಬಡ್ಡಿಲೆಕ್ಕದಲ್ಲಿದೆ. ಪಿಂಚಣಿಯ ಮೇಲೆ ಪ್ರತಿ ವರ್ಷ ಶೇ 3ರಷ್ಟು ಏರಿಕೆ ಚಕ್ರಬಡ್ಡಿಯಂತೆ ಸಿಗುತ್ತಿತ್ತು. ಉದಾಹರಣೆಗೆ 30,000 ಡಾಲರ್ ಪಿಂಚಣಿ ಚಕ್ರಬಡ್ಡಿಯಲ್ಲಿ 24 ವರ್ಷಕ್ಕೆ ಸುಮಾರು 61,000 ಆಗುತ್ತದೆ. ಅದೇ ಶೇ 3 ಸರಳಬಡ್ಡಿಯಾದರೆ 51,600. ನಿವೃತ್ತರು ಸರಳ ಏರಿಕೆಗೆ ಒಪ್ಪಿದರು, ಮೂರು ವರ್ಷ ಏರಿಕೆಯನ್ನೇ ಬಿಟ್ಟರು. ಪ್ರತಿಯಾಗಿ ನಗರ ಪ್ರತಿ ವರ್ಷ ಸಂಬಳ ವೆಚ್ಚದ ಶೇ 16.25ರಷ್ಟನ್ನು ನಿಧಿಗೆ ಕಟ್ಟಬೇಕು, ಮೂವತ್ತು ವರ್ಷದಲ್ಲಿ ಕೊರತೆ ತುಂಬಬೇಕು. ಈ ಕಟ್ಟು ಬಂದದ್ದು ನ್ಯಾಯಾಲಯದ ಆದೇಶದ ಬಲದಿಂದ. 1869ರ ಕಾಯಿದೆ ರೈಲಿಗೆ ಹಾಕಿದ್ದ ಬೇಲಿ ಪಿಂಚಣಿಗೆ ಬರಲು 84 ವರ್ಷ ಹಿಡಿಯಿತು.

ಹಳಿ ಮಾರಿದ ಹಣ

ಹಳೆಯ ರೈಲುಮಾರ್ಗ ಈ ಎಲ್ಲ ಗದ್ದಲದ ನಡುವೆ ಮೌನವಾಗಿ ಬಾಡಿಗೆ ತರುತ್ತಲೇ ಇತ್ತು. ಕೊನೆಕೊನೆಗೆ ಅದು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್. ಗುತ್ತಿಗೆ 2026ಕ್ಕೆ ಮುಗಿಯುವುದಿತ್ತು. ಹೊಸ ಬಾಡಿಗೆಯ ಬಗ್ಗೆ ಒಮ್ಮತ ಮೂಡದೆ, 2022ರ ನವೆಂಬರ್‌ನಲ್ಲಿ ಟ್ರಸ್ಟಿಗಳು ಮಾರ್ಗವನ್ನು ನಾರ್ಫೋಕ್ ಸದರ್ನ್ ಕಂಪನಿಗೆ ಸುಮಾರು 160 ಕೋಟಿ ಡಾಲರಿಗೆ ಮಾರುವುದಾಗಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಅದೇ ಕಂಪನಿಯ ಗಾಡಿಯೊಂದು ಓಹಾಯೊದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ಹಳಿ ತಪ್ಪಿ ವಿಷಕಾರಿ ರಾಸಾಯನಿಕ ಚೆಲ್ಲಿದ್ದರಿಂದ ವಿರೋಧ ಬಲವಾಯಿತು. ಅಜ್ಜಂದಿರ ಆಸ್ತಿಯನ್ನು ಏಕೆ ಮಾರಬೇಕು ಎಂದರು ಕೆಲವರು. ಮಾರಿದ ಹಣ ಬಾಡಿಗೆಗಿಂತ ಹೆಚ್ಚು ತರುತ್ತದೆ ಎಂದರು ಇನ್ನು ಕೆಲವರು. 2023ರ ನವೆಂಬರ್‌ನಲ್ಲಿ ಮಾರಾಟಕ್ಕೆ ಸಣ್ಣ ಅಂತರದ ಗೆಲುವು ಸಿಕ್ಕಿತು, 2024ರ ಮಾರ್ಚ್‌ನಲ್ಲಿ ಹಸ್ತಾಂತರವಾಯಿತು.

ಇಲ್ಲಿಯೂ ಹಣವನ್ನು ನಗರಸಭೆಯ ಕೈಗೆ ಕೊಡಲಿಲ್ಲ. ಅಸಲು ಟ್ರಸ್ಟಿನಲ್ಲಿ ಉಳಿಯಬೇಕು. ಅದರ ಗಳಿಕೆಯನ್ನು ಈಗಾಗಲೇ ಇರುವ ರಸ್ತೆ, ಸೇತುವೆ, ಉದ್ಯಾನ, ಕಟ್ಟಡಗಳ ದುರಸ್ತಿಗೆ ಮಾತ್ರ ಬಳಸಬೇಕು. ಹೊಸ ಟ್ರಾಮಿಗೂ ಇಲ್ಲ, ಪಿಂಚಣಿಯ ಕೊರತೆಗೂ ಇಲ್ಲ. ಎದುರಿಗೆ ಕೊಪ್ಪರಿಗೆ ಹಣವಿದ್ದರೂ ನಗರ ತನ್ನ ನಿವೃತ್ತರ ಪಾಲನ್ನು ವರ್ಷವರ್ಷದ ತೆರಿಗೆಯಿಂದಲೇ ಕಟ್ಟಬೇಕು. ಇದು ಕಠೋರವೆನಿಸಬಹುದು. ಆದರೆ ಆ ಹಣ ಇಷ್ಟು ಕಾಲ ಉಳಿದದ್ದೇ ಯಾವ ನಗರಸಭೆಗೂ ಅದನ್ನು ಮುಟ್ಟಲು ಆಗದಿದ್ದುದರಿಂದ.

ರೈಲು ಒಳ್ಳೆಯದು, ಪಿಂಚಣಿ ಹೊರೆ ಎಂಬ ತೀರ್ಪನ್ನು ಈ ಕಥೆ ಕೊಡುವುದಿಲ್ಲ. ರೈಲೇ ಒಮ್ಮೆ ಸಿರಿಯಾಯಿತು, ಒಮ್ಮೆ ಬರಿ ಸುರಂಗವಾಯಿತು. ಮಾತು ಕೊಟ್ಟ ದಿನವೇ ಅದಕ್ಕೆ ಹಣ ತೆಗೆದಿಟ್ಟು, ಕೀಲಿಕೈಯನ್ನು ತಮ್ಮ ಕೈಗೇ ಸಿಗದಂತೆ ಇಟ್ಟವರ ಮಾತು ಉಳಿಯಿತು. ನಾಳೆ ಕಟ್ಟಿದರಾಯಿತು ಎಂದವರ ಮಾತಿನ ಬೆಲೆಯನ್ನು ಮುದುಕರಾದ ನೌಕರರು ತಮ್ಮ ಪಿಂಚಣಿಯಲ್ಲಿ ತೆತ್ತರು.